ಹುಣಸೆಹಣ್ಣಿನಲ್ಲಿ ತೊಳೆದ ನಾಗಪ್ಪ

ಅಪ್ಪ ಬಂಡೆಗಳ ಸರ್ವೆ ಮಾಡುವ ಸರ್ಕಾರಿ ಕಚೇರಿಯೊಂದರಲ್ಲಿ ಜೀಪ್ ಡ್ರೈವರ್ ಆಗಿದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ತಮಿಳುನಾಡಿನ ಕಡೆ ಹೋದವರು ಅಂಗೈಯಗಲದ ಸುಣ್ಣಕಲ್ಲೊಂದನ್ನು ಟವೆಲಿನಲ್ಲಿ ಸುತ್ತಿಕೊಂಡು ವಿಜಯನಗರದ ನಮ್ಮ ಮನೆಗೆ ತಂದರು. ಕಲ್ಲಿನ ಮೇಲೆ ಚಕ್ಕುಲಿಯ ಹಾಗೆ ಸುತ್ತಿಕೊಂಡ ಒಂದು ಚಿಪ್ಪು. ಆ ಬಯಲು ಎಂದೋ ಸಮುದ್ರವಾಗಿತ್ತಂತೆ, ಇದು ಆ ಸಮುದ್ರದ ಪ್ರಾಣಿಯ ಪಳೆಯುಳಿಕೆಯಂತೆ. ಸಾಹೇಬರು ಹಾಗೆ ಮಾತಾಡಿಕೊಂಡದ್ದು ಅಪ್ಪನ ಕಿವಿಗೆ ಬಿದ್ದಿತ್ತು. ಚೆನ್ನಾಗಿದೆ ಎಂದು ಎತ್ತಿಕೊಂಡಿದ್ದರು, ಅಷ್ಟೇ.

ಅಮ್ಮನಿಗೆ ಸಮುದ್ರಗಿಮುದ್ರ ಬೇಕಿರಲಿಲ್ಲ. "ನಾಗಪ್ಪ ಸುತ್ಕೊಂಡು ಕೂತಿದಾನಲ್ರೀ!" ಎಂದು ಕೆನ್ನೆ ಬಡಿದುಕೊಂಡು ದೇವರ ಗೂಡಿಗೆ ಸೇರಿಸಿದಳು.

ಮುಂದಿನ ಸಲ ಅಪ್ಪ ಅಲ್ಲಿಗೆ ಹೋದಾಗ ಆ ಜಾಗಕ್ಕೆ ಬೇಲಿ ಬಿದ್ದಿತ್ತು. ಸರ್ಕಾರಿ ಜಮೀನು, ಇಲ್ಲಿನ ಕಲ್ಲು ಒಯ್ದರೆ ಶಿಕ್ಷೆ ಎಂಬ ಬೋರ್ಡು ಬೇರೆ. ಮನೆಗೆ ಬಂದವರು ಊಟ ಮಾಡಲಿಲ್ಲ. ವಾಪಸ್ ಕೊಟ್ಟರೆ ಕೆಲಸ ಹೋಗುತ್ತದೆಂಬ ಭಯ ಒಂದು ಕಡೆ, ಅಮ್ಮ ಇನ್ನೊಂದು ಕಡೆ. "ಮನೆಗೆ ಬಂದ ನಾಗಪ್ಪನ್ನ ಆಚೆ ಕಳಿಸ್ತಾರೇನ್ರೀ?" ಕಲ್ಲು ಉಳಿಯಿತು.

ಹೋದ ವರ್ಷ ಅಮ್ಮ ತೀರಿಕೊಂಡಳು. ಆಮೇಲೆ ಅಪ್ಪನದು ಒಂದೇ ರಾಗ. "ನಾನು ಸಾಯೋದ್ರೊಳಗೆ ಅದನ್ನ ಒಪ್ಪಿಸ್ಬಿಡು ಕಣೇ. ಕಳ್ಳ ಆಗಿ ಸಾಯಕ್ಕೆ ನಂಗಿಷ್ಟ ಇಲ್ಲ." ರಿಟೈರ್ ಆಗಿ ಎಷ್ಟೋ ಕಾಲವಾಗಿದೆ, ಯಾರು ಕೇಳುತ್ತಾರೆ ಇವರನ್ನು? ನನಗೆ ತಲೆ ಚಿಟ್ಟು ಹಿಡಿಯಿತು. "ಅಯ್ಯೋ, ಕೊಟ್ಟು ಬರ್ತೀನಿ ಬಿಡಿ" ಎಂದು ರಜೆ ಹಾಕಿದೆ. ಅಮ್ಮ ಹೋದಾಗಿನಿಂದ ನನಗೆ ಅಳುವೂ ಇಲ್ಲ, ನಗುವೂ ಇಲ್ಲ. ಏನು ಮಾಡಿದರೂ ಒಂದೇ.

ಹೊಸಹಳ್ಳಿ ಮೆಟ್ರೋದಲ್ಲಿ ಬ್ಯಾಗು ತಪಾಸಣೆ ಮಾಡುವಾಕೆ, "ಏನ್ ಮೇಡಂ, ಕಲ್ಲಾ?" ಎಂದಳು. ದೇವರು ಎಂದೆ. ಕೈಮುಗಿದು ಬಿಟ್ಟಳು.

ಅಪ್ಪನ ಹಳೇ ಕಚೇರಿಯಲ್ಲಿದ್ದ ಅಧಿಕಾರಿ ಹೆಂಗಸು ಅರಿಶಿನ ಕುಂಕುಮವನ್ನೆಲ್ಲ ಒರೆಸಿ, ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದರು.

"ಇದನ್ನ ಯಾತರಲ್ಲಿ ತೊಳೀತಿದ್ರಿ?"

"ಹುಣಸೆಹಣ್ಣಲ್ಲಿ."

ಪ್ರತಿ ಸೋಮವಾರ ಹಿತ್ತಾಳೆ ದೀಪಗಳ ಜೊತೆ ಅದನ್ನೂ ತೊಳೆಯುವುದು ನನ್ನ ಪಾಲಿನ ಕೆಲಸವಾಗಿತ್ತು. ಹಾಲು, ಎಣ್ಣೆ, ಅರಿಶಿನದ ಜಿಡ್ಡು ಸುಮ್ಮನೆ ಹೋಗುತ್ತದೆಯೇ? ಹುಣಸೆಹಣ್ಣು ಹಚ್ಚಿ, ತೆಂಗಿನ ನಾರಿನಲ್ಲಿ ಗಸಗಸ ಉಜ್ಜುತ್ತಿದ್ದೆ. ಆಮೇಲೆ ಅಮ್ಮ ಅರಿಶಿನದಲ್ಲಿ ಬೆರಳದ್ದಿ ಸುರುಳಿಯನ್ನು ಹೊಸದಾಗಿ ಬರೆಯುತ್ತಿದ್ದಳು. ಅದರಡಿಯ ಚಿಪ್ಪು ವಾರವಾರಕ್ಕೂ ಒಂದಿಷ್ಟಿಷ್ಟೇ ಸವೆಯುತ್ತಿದ್ದದ್ದು ನಮಗ್ಯಾರಿಗೂ ಕಾಣಲೇ ಇಲ್ಲ.

"ಸುಣ್ಣಕಲ್ಲಿಗೆ ಹುಳಿ ಆಗಲ್ಲ ಮೇಡಂ, ಕರಗಿಬಿಡುತ್ತೆ. ಪಳೆಯುಳಿಕೆ ಇದ್ದಿದ್ರೆ ಸರ್ಕಾರದ್ದು ಅಂತ ಬರ್ಕೊಂಡು ತಗೋತಿದ್ವಿ. ಈಗ ಇದು ಬರೀ ಕಲ್ಲು. ಏನಂತ ಬರ್ಕೊಳ್ಳಿ?"

ನಾನು ಸರಿ ಎಂದೆ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಕಲ್ಲನ್ನು ಬ್ಯಾಗಿಗೆ ಹಾಕಿಕೊಂಡು ಎದ್ದೆ.

ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಡುಮನೆಯಲ್ಲಿ ಕಾಯುತ್ತಿದ್ದರು. ಪೊಲೀಸರು ನನ್ನ ಜೊತೆಗೇ ಬರುತ್ತಾರೆ ಎಂದುಕೊಂಡಿದ್ದರೋ ಏನೋ.

"ತಗೊಂಡ್ರಾ?"

ಸುಳ್ಳು ಹೇಳುವಷ್ಟು ಚೈತನ್ಯವೂ ನನ್ನಲ್ಲಿರಲಿಲ್ಲ. ಹುಣಸೆಹಣ್ಣಿನ ವಿಷಯ, ಚಿಪ್ಪು ಪೂರ್ತಿ ಸವೆದದ್ದು, ಅವರು ಬೇಡ ಎಂದದ್ದು, ಎಲ್ಲವನ್ನೂ ಹೇಳಿದೆ.

"ಹಂಗಾದ್ರೆ ಕೇಸು?"

"ಯಾವ ಕೇಸೂ ಇಲ್ಲಪ್ಪ. ಅದ್ರಲ್ಲಿ ಏನೂ ಇಲ್ವಂತೆ. ನೀವು ಕಳ್ಳ ಅಲ್ಲ. ಇನ್ಮೇಲಾದ್ರೂ ನೆಮ್ಮದಿಯಾಗಿರಿ."

ಅಪ್ಪ ಕಲ್ಲನ್ನು ಇಸಿದುಕೊಂಡು, ಬೋಳಾಗಿದ್ದ ಮೈಯನ್ನು ಹೆಬ್ಬೆರಳಿನಲ್ಲಿ ಸವರಿದರು.

"ನಾನು ತಂದಾಗ ಚಿಪ್ಪು ಇತ್ತಲ್ಲೇ" ಎಂದರು.