ಕಿಸಕ್ಕನ ನಗುವೂ ಹೆಲ್ಮೆಟ್ಟಿನ ಗಾಜೂ

ನಗಬಾರದ ಕಡೆಯಲ್ಲೆಲ್ಲ ನಕ್ಕು ಹೆಸರು ಮಾಡಿದ ಹೆಂಗಸು ನಮ್ಮ ಕಿಸಕ್ಕ. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕೂತಾಗ ನಕ್ಕಿದ್ದಾಳೆ. ಬ್ಯಾಂಕಿನ ಮ್ಯಾನೇಜರು ಸಹಿ ಹೊಂದುತ್ತಿಲ್ಲವೆಂದು ಗದರಿದಾಗ ನಕ್ಕಿದ್ದಾಳೆ. ಒಮ್ಮೆ ಲಿಫ್ಟು ನಡುವೆ ನಿಂತು ದೀಪ ಆರಿದಾಗ ಒಳಗಿದ್ದವರೆಲ್ಲ ದೇವರನ್ನು ನೆನೆಯುತ್ತಿದ್ದರೆ, ಇವಳು ಗೋಡೆಗೆ ಮುಖ ಮಾಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಖುಷಿಯ ನಗುವಲ್ಲ ಅದು, ಕೊಬ್ಬಿನದೂ ಅಲ್ಲ. ಹೆದರಿದರೆ ಕೆಲವರ ಕೈ ನಡುಗುತ್ತದೆ, ಕೆಲವರ ಬಾಯಿ ಒಣಗುತ್ತದೆ. ಇವಳಿಗೆ ಹೊಟ್ಟೆಯ ತಳದಿಂದ ಕಿಸಕ್ಕನೆ ನಗು ಎದ್ದು ಬರುತ್ತದೆ, ಬಂದ ಮೇಲೆ ಯಾರ ಮಾತನ್ನೂ ಕೇಳುವುದಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಮೂಲೆ ಸೇರಿ, ಬೀದಿಗೆಲ್ಲ ಅವಳು ಕಿಸಕ್ಕನಾದದ್ದು ಹೀಗೆ.

ಅವರದು ಲಾಂಡ್ರಿ ಅಂಗಡಿ. ಮುಂದೆ ಕೌಂಟರು, ಅದರ ಹಿಂದೆ ಇಸ್ತ್ರಿ ಮೇಜು, ಗೋಡೆಯುದ್ದಕ್ಕೂ ಕಬ್ಬಿಣದ ಪೈಪು, ಪೈಪಿನ ತುಂಬ ಪ್ಲಾಸ್ಟಿಕ್ ಹೊದ್ದು ನೇತಾಡುವ ಕೋಟುಗಳು. ಒಳಗಿನ ಕೋಣೆಯಲ್ಲಿ ಒಗೆಯುವ ಮೆಷೀನು, ಗಂಜಿ ಕಾಯಿಸುವ ಪಾತ್ರೆ. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಅತ್ತೆ. ಕಿತ್ತ ಗುಂಡಿ ಹೊಲಿಯುವುದು ಅವರ ಕೆಲಸ, ಬಂದುಹೋಗುವವರ ಮಾನ ಬಿಚ್ಚುವುದು ಅವರ ಹವ್ಯಾಸ. ಇಸ್ತ್ರಿ ಕಿಸಕ್ಕನದು. ಒಗೆಯುವುದು, ಗಂಜಿ ಹಾಕುವುದು, ಮೋಟರ್‌ಸೈಕಲ್ಲಿನ ಮೇಲೆ ಗಂಟು ಹೇರಿಕೊಂಡು ಮನೆಮನೆಗೆ ಬಟ್ಟೆ ತಲುಪಿಸುವುದು ಗಂಡನದು. ಗಂಜಿಯ ವಿಷಯದಲ್ಲಿ ಅವನದು ಭಾರಿ ಭಕ್ತಿ. ಗಂಜಿ ಬಿದ್ದರೆ ಎಂಥ ಸೋಮಾರಿ ಬಟ್ಟೆಯೂ ಎದ್ದು ಕೂರುತ್ತದೆ ಎನ್ನುತ್ತಿದ್ದ. ಹೆಂಡತಿಯ ಸೀರೆ ಹಾಗಿರಲಿ, ತನ್ನ ಕರ್ಚೀಫಿಗೂ ಗಂಜಿ ಹಾಕಿ, ಮೂಗು ಒರೆಸಿಕೊಂಡಾಗಲೆಲ್ಲ ಗೀರಿಸಿಕೊಳ್ಳುತ್ತಿದ್ದ.

ಈಚೆಗೆ ಅವನ ಕಣ್ಣು ಕೈಕೊಡತೊಡಗಿತ್ತು. ಡಾಕ್ಟರು ಬೆಳಕು ಬಿಟ್ಟು ನೋಡಿ, ಕಣ್ಣಿನ ಹಿಂಭಾಗ ಸವೆಯುತ್ತಿದೆ, ಇನ್ನು ಗಾಡಿ ಓಡಿಸಬೇಡಿ ಎಂದರು. "ಆ ಡಾಕ್ಟರಿಗೇ ಸೋಡಾಗ್ಲಾಸು, ಅವರೇನು ನನ್ನ ಕಣ್ಣು ನೋಡ್ತಾರೆ" ಎಂದು ಇವನು ಮನೆಗೆ ಬಂದ. ಅದಾದ ಕೆಲವೇ ದಿನಕ್ಕೆ, ರಸ್ತೆ ಬದಿ ತನ್ನ ಪಾಡಿಗೆ ನಿಂತಿದ್ದ ಹಣ್ಣಿನ ಗಾಡಿಗೆ ಗುದ್ದಿ, ಮೈಯೆಲ್ಲ ಕಿತ್ತಳೆ ರಸ ಸುರಿಸಿಕೊಂಡು ನಿಂತ. ಅದೃಷ್ಟಕ್ಕೆ ಹಣ್ಣಿಗಷ್ಟೇ ಪೆಟ್ಟಾಗಿತ್ತು. ಅವತ್ತು ಕಿಸಕ್ಕ ನಗಲಿಲ್ಲ ಎಂದರೆ ಅವಳ ಭಯ ಯಾವ ಮಟ್ಟದ್ದಿರಬೇಕು ನೋಡಿ. "ಇನ್ಮೇಲೆ ಗಾಡಿ ನಾನೇ ಓಡಿಸ್ತೀನಿ. ನನಗೆ ಕಲಿಸಿ" ಎಂದಳು.

ಕೆರೆಯ ಪಕ್ಕದ ಮೈದಾನದಲ್ಲಿ ಅವನೇ ಕಲಿಸಿದ. ಐವತ್ತರ ಹತ್ತಿರ ಬಂದವಳು ಹುಡುಗಿಯ ಹಾಗೆ ಕಲಿತಳು. ಗಂಟು ಹೇರಿದ ಗಾಡಿಯನ್ನೂ ಇಕ್ಕಟ್ಟಿನ ಓಣಿಯಲ್ಲಿ ಬೆಣ್ಣೆಯಂತೆ ತಿರುಗಿಸಿದಳು. ಗಾಡಿ ಅವಳ ಮಾತು ಕೇಳಿತು, ಕೇಳದ್ದು ನಗು ಒಂದೇ.

ಲೈಸೆನ್ಸಿನ ಪರೀಕ್ಷೆ ನಡೆಯುವುದೂ ಅದೇ ಮೈದಾನದಲ್ಲಿ, ಬೆಳಗಿನ ಕೊರೆಯುವ ಚಳಿಯಲ್ಲಿ. ನೆಲದ ಮೇಲೆ ಸುಣ್ಣದಲ್ಲಿ ಎಂಟು ಬರೆದಿರುತ್ತಾರೆ, ಕಾಲು ಊರದೆ ಅದರ ಮೇಲೆ ಗಾಡಿ ಓಡಿಸಬೇಕು. ಜೊತೆಗೆ ಅಲ್ಲಿನ ಸಾಹೇಬರದೊಂದು ಕಟ್ಟಪ್ಪಣೆ: ಹೆಲ್ಮೆಟ್ಟಿನ ಗಾಜು ಪೂರ್ತಿ ಇಳಿಸಿರಬೇಕು. ಹಿಂದೊಮ್ಮೆ ಯಾರದೋ ಕಣ್ಣಿಗೆ ಹುಳು ಬಿದ್ದು ಗಾಡಿ ನೇರ ಸಾಹೇಬರ ಕುರ್ಚಿಗೇ ನುಗ್ಗಿತ್ತಂತೆ. ಮೊದಲ ಸಲ ಸೀಟಿ ಊದಿದ್ದೇ ತಡ, ಕಿಸಕ್ಕನಿಗೆ ಭಯ, ಭಯಕ್ಕೆ ನಗು, ನಗುವಿನ ಬಿಸಿಯುಸಿರಿಗೆ ಗಾಜೆಲ್ಲ ಬೆಳ್ಳಗೆ. ಎಂಟು ಹಾಕಬೇಕಾದವಳು ನೆಟ್ಟಗೆ ಹೋಗಿ, ಸರದಿಯಲ್ಲಿದ್ದವರು ಸಾಲಾಗಿ ಇಟ್ಟಿದ್ದ ಟೀ ಲೋಟಗಳ ಮೇಲೆ ಗಾಡಿ ಹತ್ತಿಸಿದಳು. ಎರಡನೆಯ ಸಲ ಉಸಿರು ಬಿಗಿಹಿಡಿದು ಹೊರಟಳು. ಅರ್ಧ ದಾರಿಯಲ್ಲಿ ಉಸಿರು ಮುಗಿಯಿತು, ಹಿಡಿದಿಟ್ಟದ್ದೆಲ್ಲ ಒಟ್ಟಿಗೇ ಹೊರಬಿತ್ತು.

"ಅಮ್ಮಾ, ಎಲ್ಲಿಗೆ ಹೋಗ್ತಾ ಇದೀರಿ?" ಎಂದು ಸಾಹೇಬರು ಕೂಗಿದರು.

"ಗೊತ್ತಿಲ್ಲ ಸಾರ್, ನೀವೇ ಹೇಳಿ!" ಎಂದು ಹೆಲ್ಮೆಟ್ಟಿನ ಒಳಗಿನಿಂದ ಉತ್ತರ ಬಂತು.

ಆ ರಾತ್ರಿ ಊಟದ ಹೊತ್ತಿಗೆ ಗಂಡ ತಟ್ಟೆ ಸರಿಸಿ ಹೇಳಿಬಿಟ್ಟ. "ಇನ್ನೊಂದು ಸಲ ನೋಡೋಣ. ಆಗಲೂ ಆಗದಿದ್ರೆ ಮಾರನೇ ದಿನದಿಂದ ನಾನೇ ಗಾಡಿ ತೆಗೀತೀನಿ. ನನ್ನ ಕಣ್ಣಿಗೆ ಏನೂ ಆಗಿಲ್ಲ. ಸ್ವಲ್ಪ ಮಬ್ಬು ಅಷ್ಟೆ, ನಿನ್ನ ಗಾಜಿಗಿಂತ ವಾಸಿ."

ಅವನು ತಮಾಷೆಗೆ ಹೇಳುತ್ತಿರಲಿಲ್ಲ. ಆಸ್ಪತ್ರೆಯ ಬಿಳಿ ಕೋಟುಗಳು, ಹೋಟೆಲಿನ ಹೊದಿಕೆಗಳು ಪೈಪಿನ ಮೇಲೆ ಜಾಗವಿಲ್ಲದೆ ನೆಲದ ಮೇಲೆ ರಾಶಿ ಬಿದ್ದಿದ್ದವು. ಅವನ್ನು ನೋಡಿದಾಗಲೆಲ್ಲ ಅವನ ಕೈ ತುರಿಸುತ್ತಿತ್ತು. ಮುಂದಿನ ಸಲ ಅವನು ಗುದ್ದುವುದು ಹಣ್ಣಿನ ಗಾಡಿಗೇ ಆಗಿರಬೇಕೆಂದೇನೂ ಇಲ್ಲವಲ್ಲ ಎಂದುಕೊಂಡು ಕಿಸಕ್ಕ ಆ ರಾತ್ರಿಯೇ ಹೆಲ್ಮೆಟ್ಟನ್ನು ಮುಂದಿಟ್ಟುಕೊಂಡು ಕೂತಳು.

ಗಾಜಿನ ಉಪಚಾರ ಶುರುವಾಯಿತು. ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್ಕು ಟೂತ್‌ಪೇಸ್ಟು ಸವರಲು ಹೇಳಿದ. ಅದರ ಘಾಟಿಗೆ ಅವಳ ಕಣ್ಣಲ್ಲಿ ನೀರು ಕಿತ್ತುಕೊಂಡು ಬಂತು. ಗಾಜು ಎಂದಿನಂತೆ ಮಸುಕಾಯಿತು, ಬಾಯಿ ಮಾತ್ರ ಘಮಘಮ. ಆಲೂಗಡ್ಡೆ ಹೋಳು ಉಜ್ಜಿ ಎಂದು ಗಿರಾಕಿಯೊಬ್ಬಳು ಹೇಳಿದಳು. ಉಜ್ಜಿಕೊಂಡು ಒಂದು ಸುತ್ತು ಹೋಗಿಬಂದಾಗ ಬೀದಿಯ ನೊಣಗಳೆಲ್ಲ ಅವಳ ಮುಖದ ಮುಂದೆ ಸಭೆ ಸೇರಿದ್ದವು. "ನಗೋದೊಂದು ನಿಲ್ಲಿಸಿದ್ರೆ ಖರ್ಚಿಲ್ಲದೆ ಆಗುತ್ತಲ್ಲೇ" ಎಂದರು ಅತ್ತೆ, ದಾರ ಕಚ್ಚಿ ತುಂಡು ಮಾಡುತ್ತ. ಅದಕ್ಕೂ ಇವಳು ನಕ್ಕಳು.

ಕೊನೆಗೆ ಗಂಡ ತನ್ನ ಬ್ರಹ್ಮಾಸ್ತ್ರ ತೆಗೆದ. ಹೆಲ್ಮೆಟ್ಟಿನೊಳಗಿನ ಬಟ್ಟೆ ಮೆತ್ತಗಿದೆ, ಉಸಿರಿನ ತೇವವನ್ನೆಲ್ಲ ಹೀರಿ ಗಾಜಿಗೆ ಬಿಡುತ್ತಿದೆ, ಗಂಜಿ ಹಾಕಿದರೆ ತೇವ ಹಿಡಿಯುವುದಿಲ್ಲ ಎಂಬುದು ಅವನ ತರ್ಕ. ಒಳಬಟ್ಟೆಯನ್ನು ಕಳಚಿ, ಹೋಟೆಲಿನ ಮೇಜುಬಟ್ಟೆಗೆ ಹಾಕುವಂಥ ಗಟ್ಟಿ ಗಂಜಿಯಲ್ಲಿ ಅದ್ದಿ, ಹಿಂಡಿ, ಮತ್ತೆ ಕೂರಿಸಿದ. "ಹಸಿ ಇದ್ದಾಗಲೇ ಹಾಕ್ಕೋ. ಕಾಲರಿಗೆ ಆಕಾರ ಕೊಡೋದು ಹಸಿ ಇದ್ದಾಗಲೇ ತಾನೆ? ನಿನ್ನ ತಲೆಗೆ ಸರಿಯಾಗಿ ಕೂತ್ಕೊಳ್ಳುತ್ತೆ." ಇಷ್ಟು ವರ್ಷ ಕಾಲರುಗಳ ಜೊತೆ ಬದುಕಿದವಳಿಗೆ ಆ ಮಾತು ಸರಿಯೆನಿಸಿತು. ಹೆಲ್ಮೆಟ್ಟು ಧರಿಸಿಯೇ ಇಸ್ತ್ರಿಗೆ ನಿಂತಳು. ಇಸ್ತ್ರಿಪೆಟ್ಟಿಗೆಯ ಕಾವಿಗೆ ಗಂಜಿ ಚೆನ್ನಾಗಿ ಒಣಗಿತು, ಎಷ್ಟು ಚೆನ್ನಾಗಿ ಎಂದರೆ ಮಧ್ಯಾಹ್ನ ತೆಗೆಯಲು ಹೋದರೆ ಹೆಲ್ಮೆಟ್ಟು ತಲೆ ಬಿಟ್ಟು ಅಲ್ಲಾಡಲಿಲ್ಲ.

ಅದೇ ಹೊತ್ತಿಗೆ ವಕೀಲರೊಬ್ಬರು ತಮ್ಮ ಕರಿಕೋಟಿಗಾಗಿ ಬಂದರು. ಕೌಂಟರಿನ ಹಿಂದೆ ಹೆಲ್ಮೆಟ್ಟು ಹಾಕಿದ ಆಕೃತಿಯೊಂದು ಎರಡೂ ಕೈಯಲ್ಲಿ ತಲೆ ಹಿಡಿದು ಹೂಂಕರಿಸುತ್ತಿರುವುದನ್ನು ಕಂಡು ಕೈಗಳನ್ನು ಮೇಲೆತ್ತಿದರು. ಆಮೇಲೆ ಏನೋ ನೆನಪಾದವರಂತೆ ಕೈಗಳನ್ನು ಇಳಿಸಿ, ವಾಚು ಬಿಚ್ಚಿ ಕೌಂಟರಿನ ಮೇಲಿಟ್ಟು, ಮತ್ತೆ ಕೈ ಎತ್ತಿದರು.

"ಕೈ ಇಳಿಸಪ್ಪ. ಅವಳು ನನ್ನ ಸೊಸೆ" ಎಂದರು ಅತ್ತೆ. "ಅವಳು ದೋಚಿದ್ದು ಈವರೆಗೂ ನನ್ನ ಮಗನೊಬ್ಬನನ್ನೇ."

ಕಿಸಕ್ಕನಿಗೆ ಗಾಬರಿ, ನಾಚಿಕೆ, ಉಸಿರುಕಟ್ಟು ಎಲ್ಲ ಸೇರಿ ನಗು ಒದ್ದುಕೊಂಡು ಬಂತು. ಗಾಜು ಬೆಳ್ಳಗಾಯಿತು. ಗಂಡ ಕಾಲರು ಉಜ್ಜುತ್ತಿದ್ದ ಸೋಪಿನ ಕೈಯಲ್ಲೇ ಒಳಗಿನಿಂದ ಓಡಿಬಂದು, ಗಾಜಿನ ಅಂಚಿನಿಂದ ಹೆಬ್ಬೆರಳು ಒಳಗೆ ತೂರಿಸಿ ಎಳೆದ. ಹಿಂದಿನಿಂದ ವಕೀಲರು ಅವಳ ಭುಜ ಹಿಡಿದು ಎಳೆದರು. ಹೆಲ್ಮೆಟ್ಟು ಬರಲಿಲ್ಲ, ಎಳೆದ ರಭಸಕ್ಕೆ ವಕೀಲರ ಬೆಲ್ಟು ಕಿತ್ತುಬಂತು. "ಬಿಡ್ರೋ, ತಲೆ ಸಮೇತ ಕಿತ್ಕೊಂಡು ಬಂದೀತು! ಗಂಜಿ ಬಿಡಿಸೋಕೆ ಆವಿ ಹಿಡೀರಿ" ಎಂದು ಅತ್ತೆ ಸ್ಟೂಲಿನಿಂದಲೇ ಆಜ್ಞೆ ಮಾಡಿದರು. ಗಂಡ ಕೆಟಲ್ಲಿನಲ್ಲಿ ನೀರು ಕುದಿಸಿ ತಂದು ಒಂದು ಮೊಳ ದೂರದಿಂದ ಗಲ್ಲದ ಕೆಳಗೆ ಆವಿ ಬಿಟ್ಟ. ಹಾಲಿನೊಳಗೆ ಮುಳುಗಿದ ಹಾಗೆ ಕಿಸಕ್ಕನಿಗೆ ಜಗತ್ತೆಲ್ಲ ಬಿಳಿಯಾಯಿತು, ಒಂದೇ ಒಂದು ಜಾಗ ಬಿಟ್ಟು. ಎಡಗಣ್ಣಿನ ಮುಂದೆ ಹೆಬ್ಬೆಟ್ಟಿನಷ್ಟೇ ಅಗಲದ ಕಿಂಡಿ ತೆರೆದಿತ್ತು. ಅದರೊಳಗೆ ಗಂಡನ ಬೆವೆತ ಮುಖ, ಮೂಗಿನ ತುದಿಯ ನೊರೆಯ ಸಮೇತ, ಸ್ಪಷ್ಟವಾಗಿ ಕಾಣುತ್ತಿತ್ತು.

"ರೀ! ಕಾಣಿಸ್ತಾ ಇದೀರ!" ಎಂದು ಕಿರುಚಿದಳು.

"ಇಲ್ಲೇ ಇದೀನಲ್ಲೇ, ಎಲ್ಲಿಗೆ ಹೋಗಲಿ?"

"ಹಂಗಲ್ಲ ರೀ! ನಿಮ್ಮ ಬೆರಳು ಆಡಿದ ಕಡೆ ಮಾತ್ರ ಕಾಣಿಸ್ತಿದೆ! ಸೋಪು ರೀ, ಸೋಪು!"

ಹೆಲ್ಮೆಟ್ಟು ಕಳಚಿಕೊಂಡು ಬಂದಾಗ ಅವಳ ಕೂದಲು ಗಂಜಿ ಹಿಡಿದು ಹೆಲ್ಮೆಟ್ಟಿನ ಆಕಾರದಲ್ಲೇ ನಿಂತಿತ್ತು. ಅದನ್ನು ಸರಿಮಾಡಿಕೊಳ್ಳುವ ವ್ಯವಧಾನವೂ ಅವಳಿಗಿರಲಿಲ್ಲ. ಗಾಜು ಬಿಚ್ಚಿ ತೊಳೆದು, ಒಳಮೈಗೆ ಒಂದು ತೊಟ್ಟು ಸೋಪಿನ ದ್ರವ ತೆಳ್ಳಗೆ ಸವರಿ, ಒಣಗಲು ಬಿಟ್ಟು, ಸೋಪು ಹಚ್ಚಿದ್ದೇ ಸುಳ್ಳೆನ್ನುವಷ್ಟು ಮೆತ್ತನೆ ಬಟ್ಟೆಯಲ್ಲಿ ಉಜ್ಜಿದಳು. ಕೆಟಲ್ಲಿನ ಮುಂದೆ ಹಿಡಿದರೆ ಗಾಜು ಮಸುಕಾಗಲಿಲ್ಲ, ಹಾಗೇ ತಿಳಿಯಾಗಿ ನಿಂತಿತು. ಕಾಲರಿನೊಳಗೆ ಇಡುವ ದಪ್ಪ ಕ್ಯಾನ್ವಾಸಿನಲ್ಲಿ ಅತ್ತೆ ಒಂದು ಮೂಗಿನ ಮರೆ ಹೊಲಿದರು, ಉಸಿರು ಗಾಜಿಗೆ ತಾಗದೆ ಗಲ್ಲದ ಕಡೆ ಇಳಿಯಲಿ ಎಂದು. ಟಿಚ್ ಬಟನ್ನು ಒತ್ತಿದರೆ ಅದು ಹೆಲ್ಮೆಟ್ಟಿನೊಳಗೆ ಕಚ್ಚಿಕೊಂಡು ಕೂರುತ್ತಿತ್ತು. "ಈಗ ಎಷ್ಟು ಬೇಕಾದ್ರೂ ನಗು, ಹಲ್ಲೂ ಕಾಣಲ್ಲ" ಎಂದು ಆಶೀರ್ವಾದ ಮಾಡಿದರು. ವಾಚು ಕಟ್ಟಿಕೊಳ್ಳುತ್ತಿದ್ದ ವಕೀಲರು ಅಂಗಡಿಯವರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಯಾವ ಕೋಟಿಗಾಗಿ ಬಂದಿದ್ದರೋ ಅದನ್ನೇ ಅಲ್ಲಿ ಮರೆತು ಹೋದರು.

ಪರೀಕ್ಷೆಯ ಬೆಳಗ್ಗೆ ಕೆರೆಯ ಮೇಲೆ ಹೊಗೆಯಂಥ ಚಳಿ. ಮೆಕ್ಯಾನಿಕ್ಕು ಗಾಡಿ ತಂದುಕೊಟ್ಟ. ಮೈದಾನದಲ್ಲಿ ಅಕ್ಕಪಕ್ಕ ಎರಡು ಎಂಟು ಬರೆದಿದ್ದರು. ಒಂದರಲ್ಲಿ ಕಿಸಕ್ಕ, ಇನ್ನೊಂದರಲ್ಲಿ ಯಾರೋ ದಪ್ಪ ಮೀಸೆಯ ಗಂಡಸು. ಮೀಸೆ ಹೆಲ್ಮೆಟ್ಟಿನೊಳಗೆ ಹೋದ ಮೇಲೆ ಉಳಿದದ್ದು ಇಬ್ಬರದೂ ಕಪ್ಪು ಜಾಕೆಟ್ಟು. ಗಂಡ ದೂರದ ಬೇಲಿಯ ಹಿಂದೆ, ನೋಡಲು ಬಂದವರ ನಡುವೆ ನಿಂತಿದ್ದ.

ಸೀಟಿ ಊದಿದರು. ಭಯವಾಯಿತು, ನಗು ಬಂತು, ಗಾಜು ತಿಳಿಯಾಗೇ ಇತ್ತು. ಅಯ್ಯೋ, ಎಷ್ಟೊಂದು ಕಾಣುತ್ತದೆ! ಸುಣ್ಣದ ಗೆರೆ, ಗೆರೆಯ ಮೇಲಿನ ಇರುವೆ ಸಾಲು, ಸಾಹೇಬರ ಸ್ವೆಟರಿನ ಮೊಣಕೈಯಲ್ಲಿನ ತೂತು. ಇದಕ್ಕೊಂದು ರಫು ಹಾಕಿಕೊಡಬೇಕು ಎಂದುಕೊಳ್ಳುತ್ತಲೇ ಮೊದಲ ತಿರುವು ಮುಗಿಸಿದಳು. ಮೈ ಹಗುರಾಯಿತು. ಎರಡನೆಯ ತಿರುವಿನಲ್ಲಿ ನಗುತ್ತಲೇ ವಾಲಿದಳು, ನಗುತ್ತಲೇ ಎದ್ದಳು. ಬೇಲಿಯ ಕಡೆಗೆ ಮುಖ ತಿರುಗಿದಾಗ ಗಂಡ ಕಂಡ. ತಲೆಯ ಮೇಲೆ ಟವೆಲು ಬೀಸುತ್ತ ಕುಣಿಯುತ್ತಿದ್ದ. "ಭೇಷ್! ಹಂಗೇ! ಕಾಲು ಊರಬೇಡ ಕಣೇ, ನನ್ನ ರಾಣಿ!" ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ.

ಕೂಗುತ್ತಿದ್ದದ್ದು ಆ ಮೀಸೆಯವನಿಗೆ. ರಾಣಿಯಾಗಿಬಿಟ್ಟ ಆ ಬಡಪಾಯಿ ಗಲಿಬಿಲಿಗೊಂಡು ಬೇಲಿಯತ್ತ ತಿರುಗಿ ನೋಡಿ, ಕೊನೆಯ ತಿರುವಿನಲ್ಲಿ ತೂರಾಡಿ, ಧೊಪ್ಪನೆ ಕಾಲು ಊರಿದ. ಕಿಸಕ್ಕನಿಗೆ ಜನ್ಮದಲ್ಲೇ ಬಂದಿರದಂಥ ನಗು ಬಂತು. ಗಾಡಿಯ ಮೇಲೆ ಮೈಯೆಲ್ಲ ಕುಲುಕಿತು. ಆದರೂ ಗೆರೆ ತಪ್ಪಲಿಲ್ಲ. ಎಂಟು ಮುಗಿಯುವ ಹೊತ್ತಿಗೆ ನಗುವಿನ ನಡುವೆಯೇ ಗಂಡನ ಮಾತು ನೆನಪಾಯಿತು. ಸ್ವಲ್ಪ ಮಬ್ಬು ಅಷ್ಟೆ ಎಂದಿದ್ದನಲ್ಲ, ಇದು ಸ್ವಲ್ಪವೇ? ಇಷ್ಟು ದಿನ ಒಂದೇ ಮನೆಯಲ್ಲಿದ್ದು ತನಗೆ ತಿಳಿಯಲಿಲ್ಲವಲ್ಲ ಎಂದು ಅವಳಿಗೆ ಅಳು ಬಂತು.

"ಪಾಸಮ್ಮ, ಪಾಸು. ನಗು ನಿಲ್ಲಿಸಿ ಗಾಡಿ ಪಕ್ಕಕ್ಕೆ ತಗೊಳ್ಳಿ" ಎಂದರು ಸಾಹೇಬರು.

ಬೇಲಿಯ ಬಳಿ ಗಾಡಿ ನಿಲ್ಲಿಸಿ, ಗಂಡನ ಮುಂದೆ ಹೋಗಿ, ಹೆಲ್ಮೆಟ್ಟು ತೆಗೆದಳು. ಅವಳು ಮಾತಾಡಿದ ದನಿ ಕೇಳಿದ ಮೇಲಷ್ಟೇ ಅವನು ಅವಳತ್ತ ತಿರುಗಿದ.

"ರೀ, ಪಾಸಾಯ್ತು! ನೋಡಿದ್ರಾ?"

"ನೋಡದೆ ಇರ್ತೀನಾ! ಕೊನೇ ತಿರುವಿನಲ್ಲಿ ತೂರಾಡಿದೆ ನೋಡು, ಎದೆ ಧಸಕ್ಕಂತು ನನಗೆ. ಸದ್ಯ, ಸಾಹೇಬರ ಕಣ್ಣಿಗೆ ಬೀಳಲಿಲ್ಲ."

"ಹೂಂ ರೀ" ಎಂದಳು ಕಿಸಕ್ಕ. "ಅಲ್ಲಿ ನನಗೂ ಭಯ ಆಯ್ತು."

ಆಮೇಲೆ ಅಂಗೈ ಚಾಚಿದಳು. "ಗಾಡಿದು ಇನ್ನೊಂದು ಕೀ ನಿಮ್ಮ ಜೇಬಲ್ಲಿದೆಯಲ್ಲ, ಕೊಡಿ. ಪಾಸಾದ ಮೇಲೆ ಎರಡೂ ನನ್ನದೇ."

ಅವನು ಕಳ್ಳತನದಲ್ಲಿ ಸಿಕ್ಕಿಬಿದ್ದವನಂತೆ ಹಲ್ಲುಕಿರಿದು, ಜೇಬಿಗೆ ಕೈ ಹಾಕಿ, ಕೀ ತೆಗೆದು ಅವಳಿಗೆ ಕೊಟ್ಟ. ಅವಳ ಕೈ ಇದ್ದ ಜಾಗಕ್ಕಿಂತ ಒಂದು ಗೇಣು ಆಚೆ ಹಿಡಿದಿದ್ದ. ಕಿಸಕ್ಕ ಸದ್ದಿಲ್ಲದೆ ತನ್ನ ಅಂಗೈಯನ್ನು ಅದರ ಕೆಳಗೆ ಸರಿಸಿದಳು.