ಬಿಳಿ ನೂಲಿನ ಹೆಸರು

ಅವರ ಕೆಳತುಟಿಯ ಎಡಮೂಲೆ ಯಾವಾಗಲೂ ಕಪ್ಪಗಿರುತ್ತಿತ್ತು. ಎಲೆಅಡಿಕೆಯ ಕಲೆ ಇರಬೇಕು ಎಂದು ಮೊದಮೊದಲು ನಾನು ತಿಳಿದಿದ್ದೆ. ಸೂಜಿಗೆ ಪೋಣಿಸುವ ಮೊದಲು ಕಪ್ಪು ನೂಲಿನ ತುದಿಯನ್ನು ಅವರು ಅಲ್ಲಿಟ್ಟು ಒದ್ದೆ ಮಾಡುತ್ತಾರೆ ಎಂಬುದು ಆಮೇಲೆ ಗೊತ್ತಾಯಿತು. ವರ್ಷಗಟ್ಟಲೆ ಕೊಡೆ ಹೊಲಿದು ನೂಲಿನ ಬಣ್ಣ ತುಟಿಗೇ ಹತ್ತಿಕೊಂಡಿತ್ತು. ನಗುವಾಗ ಮೊದಲು ಆ ಮೂಲೆ ಮೇಲೇಳುತ್ತಿತ್ತು, ಉಳಿದ ಮುಖ ಹಿಂದಿನಿಂದ ಬರುತ್ತಿತ್ತು.

ಗುರುವಾಯನಕೆರೆಯಲ್ಲಿ ಬಸ್ಸು ನಿಲ್ಲುವ ಕಡೆ, ಜಿನಸಿನಂಗಡಿಯೊಂದರ ಜಗಲಿಯ ತುದಿಯಲ್ಲಿ ಕೂತು ಅವರು ಕೊಡೆ ರಿಪೇರಿ ಮಾಡುತ್ತಿದ್ದರು. ಬ್ಯಾರಿ ಮುಸ್ಲಿಮರಲ್ಲಿ ಹಿರಿಯರನ್ನು ನಮ್ಮ ಕಡೆ ಎಲ್ಲರೂ ಕಾಕ ಎನ್ನುವುದು. ಹಾಗಾಗಿ ಇವರು ಊರಿಗೆಲ್ಲ ಕೊಡೆ ಕಾಕ. ಐವತ್ತರ ದಶಕದ ಕೊನೆಯಲ್ಲಿ ನಾನು ಮೂಡಬಿದಿರೆಯಿಂದ ಅಲ್ಲಿಯ ಹತ್ತಿರದ ಶಾಲೆಯೊಂದಕ್ಕೆ ಮಾಸ್ಟ್ರಾಗಿ ಬಂದೆ. ವಯಸ್ಸು ಇಪ್ಪತ್ತೆರಡು. ಬಸದಿಯ ಪಕ್ಕದ ಮನೆಯಲ್ಲಿ ಹುಟ್ಟಿ, ಅಜ್ಜನ ಬಾಯಲ್ಲಿ ಹಳಗನ್ನಡದ ಪದ್ಯ ಕೇಳಿ ಬೆಳೆದವನು ಎಂಬ ಕೊಬ್ಬು ಬೇರೆ. ಎಲ್ಲರೂ ತುಳು ಮಾತಾಡುವ ಆ ಊರಿನಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ ಎಂದುಕೊಂಡಿದ್ದೆ.

ಆ ಕೊಬ್ಬು ಸ್ವಲ್ಪ ಇಳಿದದ್ದು ನನ್ನ ಕೊಡೆಯ ಎರಡು ಕಡ್ಡಿ ಮುರಿದ ದಿನ. ಬೆಳಿಗ್ಗೆ ಕೊಟ್ಟು ಸಂಜೆ ಹೋಗಿ, “ಕಾಕ, ಆಯಿತಾ?” ಎಂದೆ.

ಅವರು ತಲೆ ಎತ್ತದೆ, “ಕೊಡೆ ಕೊಡೆ” ಎಂದರು.

“ಕೊಡೆಯೇ ಕೇಳಿದ್ದು. ಕೊಡಿ.”

“ನಾನು ಹೇಳಿದ್ದು ಪೂರ್ತಿ ಉತ್ತರ ಮಾರಾಯ್ರೇ. ಕೊಡೆ ಉಂಟಲ್ಲ, ಅದನ್ನು ಕೊಡೆ. ಕೊಡುವುದಿಲ್ಲ. ಒಂದು ಕಡ್ಡಿ ಬಾಕಿ ಉಂಟು.”

ಕೊಡುವುದಿಲ್ಲ ಎನ್ನುವುದಕ್ಕೆ ‘ಕೊಡೆ’ ಎನ್ನುವುದನ್ನು ಎಲ್ಲಿ ಕಲಿತಿರಿ ಎಂದು ಕೇಳಿದೆ.

“ಆಟದಲ್ಲಿ. ರಾಜನ ವೇಷ ಬಂದು, ಕೊಡೆ, ಪ್ರಾಣ ಹೋದರೂ ಕೊಡೆ ಅಂತ ಕುಣಿಯುವುದಿಲ್ಲವಾ? ನನಗೆ ಪ್ರತಿ ಸಲ ನಗು ಬರ್ತದೆ. ಕಿರೀಟ ಇದ್ದವನಿಗೆ ಕೊಡೆ ಎಂತಕ್ಕೆ?”

ಮನೆಯಲ್ಲಿ ಬ್ಯಾರಿ ಮಾತು, ಪೇಟೆಯಲ್ಲಿ ತುಳು. ಕನ್ನಡ ಅವರಿಗೆ ಬಯಲಾಟದಿಂದಲೂ ಬಸ್ಸಿಗೆ ಕಾಯುವವರ ಬಾಯಿಂದಲೂ ಬಂದ ಮೂರನೆಯ ಭಾಷೆ. ಅಕ್ಷರ ಗೊತ್ತಿರಲಿಲ್ಲ. ಆದರೆ ಕಿವಿಗೆ ಬಿದ್ದ ಪ್ರತಿ ಶಬ್ದವನ್ನೂ ಅವರು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ಒಂದೇ ಶಬ್ದವನ್ನು ಮತ್ತೆ ಮತ್ತೆ ಹೇಳಿ ಪೂರ್ತಿ ವಾಕ್ಯ ಮಾಡುವುದು ಅವರ ಹುಚ್ಚು. ಅಳುತ್ತ ಬಂದ ಮಗುವಿಗೆ “ನಗು ನಗು”. ಜಗಲಿಯಲ್ಲಿ ಕೂತು ಹರಟುವ, ಬೀಡಿ ಕಟ್ಟುವ ಹೆಂಗಸರಿಗೆ “ಕಟ್ಟು ಕಟ್ಟು”. ಅವರು ಬಲು ಹೆಮ್ಮೆಪಡುತ್ತಿದ್ದದ್ದು ಹೆಂಡತಿ ಮಸಾಲೆ ಅರೆಯುವಾಗ ಹೇಳಿದ್ದಕ್ಕೆ. ಪೂರ್ತಿ ನುಣ್ಣಗೆ ಬೇಡ, ಅರ್ಧ ಸಾಕು ಎನ್ನಲು, “ಅರೆ! ಅರೆ ಅರೆ!”

“ಅವಳು ನುಣ್ಣಗೇ ಅರೆದಳು. ಆದರೆ ವಾಕ್ಯ ಸರಿ ಉಂಟಲ್ಲ ಮಾಸ್ಟ್ರೇ?”

ಅದಕ್ಕೊಂದು ಕಾನೂನನ್ನೂ ಅವರೇ ಮಾಡಿಕೊಂಡಿದ್ದರು. ಬೇರೆ ಶಬ್ದ ಒಂದೂ ಸೇರಬಾರದು. ಕೇಳಿದವನಿಗೆ ಏನು ಮಾಡಬೇಕೆಂದು ಗೊತ್ತಾಗಬೇಕು. ಗೊತ್ತಾಗದಿದ್ದರೆ ಅದು ಬರೀ ಸದ್ದು, ವಾಕ್ಯವಲ್ಲ. ವ್ಯಾಕರಣ ಪಾಠ ಮಾಡುವ ನನಗೆ ವಾಕ್ಯವೆಂದರೇನು ಎಂದು ಅಷ್ಟು ಚೆನ್ನಾಗಿ ಯಾರೂ ಹೇಳಿಕೊಟ್ಟಿರಲಿಲ್ಲ.

ಅಕ್ಷರ ಬಾರದಿದ್ದರೂ ಅವರು ದಿನವೂ ಅಕ್ಷರ ಹೊಲಿಯುತ್ತಿದ್ದರು. ಆಗ ಎಲ್ಲರದ್ದೂ ಒಂದೇ ನಮೂನೆಯ ಕಪ್ಪು ಕೊಡೆ. ಹೋಟೆಲಿನಲ್ಲಿ, ಮದುವೆಮನೆಯಲ್ಲಿ ಅದಲುಬದಲಾಗುತ್ತಿತ್ತು. ಅದಕ್ಕೆ ಕೊಡೆಯ ಅಂಚಿನಲ್ಲಿ ಬಿಳಿ ನೂಲಿನಿಂದ ಹೆಸರು ಹೊಲಿಸಿಕೊಳ್ಳುವುದು ರೂಢಿ. ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ಕಾಕ ನೋಡಿ ನೋಡಿ ಹಾಗೆಯೇ ಹೊಲಿಯುವರು. “ನನಗೆ ಅದು ಬಳ್ಳಿ. ಎಲ್ಲಿ ಸುತ್ತಿದೆ, ಎಲ್ಲಿ ಬಾಲ ಉಂಟು, ನೋಡಿದರೆ ಆಯಿತು” ಎನ್ನುತ್ತಿದ್ದರು. ಒಂದು ಕೊಂಬು, ಒಂದು ಒತ್ತು ತಪ್ಪಿದ್ದನ್ನು ನಾನು ಕಾಣೆ. ನನ್ನ ಕೊಡೆಗೆ ಮಾತ್ರ ನಾನು ಹೆಸರು ಹೊಲಿಸಿರಲಿಲ್ಲ.

ಅವರ ವಾಕ್ಯಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಒಂದು ದಿನ, “ಪೇಪರಿಗೆ ಕಳಿಸುವ ಕಾಕ” ಎಂದೆ.

ಅವರು ಸೂಜಿ ಕೆಳಗಿಟ್ಟರು. “ನನ್ನ ಹೆಸರು ಬರ್ತದಾ?”

“ಬರದೆ ಮತ್ತೆ?”

“ಹಾಗಾದರೆ ತಂದೆಯ ಹೆಸರು ಸಹ ಹಾಕಿ. ಅವರ ಹೆಸರು ಎಲ್ಲಿಯೂ ಬಂದದ್ದಿಲ್ಲ.” ಎರಡೂ ಹೆಸರನ್ನು ನಿಧಾನವಾಗಿ ಎರಡೆರಡು ಸಲ ಹೇಳಿ ಬರೆಸಿದರು.

ಮಂಗಳೂರಿನ ಒಂದು ವಾರಪತ್ರಿಕೆಗೆ ಕಳಿಸಲು ಚಂದದ ಪ್ರತಿ ಮಾಡಿದೆ. ಕೊನೆಯಲ್ಲಿ ಅವರ ಹೆಸರು, ಅವರ ತಂದೆಯ ಹೆಸರು ಬರೆದೆ. ಓದಿ ನೋಡಿದೆ. ಕೊಡೆ ಹೊಲಿಯುವವರದ್ದೆಂದರೆ ಹಾಕುತ್ತಾರೋ ಇಲ್ಲವೋ ಎಂದು ನನಗೆ ನಾನೇ ಒಂದು ಕಾರಣ ಹೇಳಿಕೊಂಡೆ. ಆ ಹಾಳೆ ಹರಿದು, ಇನ್ನೊಂದು ಹಾಳೆಯಲ್ಲಿ ಮೊದಲಿನಿಂದ ಬರೆದು ಕೆಳಗೆ ನನ್ನ ಹೆಸರು ಹಾಕಿದೆ. ಕೈ ತಪ್ಪಿ ಆದದ್ದಲ್ಲ. ಎರಡನೆಯ ಸಲ ಬರೆಯಲು ಅರ್ಧ ಗಂಟೆ ಹಿಡಿದಿತ್ತು, ಅಷ್ಟು ಹೊತ್ತೂ ನನಗೆ ನಾಚಿಕೆಯಾಗಲಿಲ್ಲ.

ಅದು ಅಚ್ಚಾಯಿತು. ಕಾಕನ ವಾಕ್ಯಗಳು ಪೇಪರಿನಲ್ಲಿ ಬಂದಿವೆ ಎಂದು ಹೋಟೆಲಿನಲ್ಲಿ ಯಾರೋ ಓದಿ ಹೇಳಿದರಂತೆ. ಅವರು ಪತ್ರಿಕೆ ಹಿಡಿದುಕೊಂಡು ಶಾಲೆಗೇ ಬಂದರು.

“ನನ್ನ ಹೆಸರು ಎಲ್ಲಿ ಉಂಟು?”

ನಾನು ನನ್ನ ಹೆಸರಿನ ಮೇಲೆ ಬೆರಳಿಟ್ಟೆ. “ಇಲ್ಲಿ.”

“ತಂದೆಯದ್ದು?”

“ಅದೂ ಸೇರಿಯೇ ಉಂಟು.”

ಅವರು ಲುಂಗಿಗೆ ಕೈ ಒರೆಸಿಕೊಂಡು ಅದನ್ನು ಮುಟ್ಟಿದರು. “ಇಷ್ಟು ಸಣ್ಣ ಜಾಗದಲ್ಲಿ ನಾವಿಬ್ಬರೂ ಹಿಡಿದೆವಾ!” ಎಂದು ನಕ್ಕರು. ಆ ತುಟಿಯ ಮೂಲೆ ಮೇಲೆದ್ದದ್ದು ಈಗಲೂ ಕಣ್ಣೆದುರಿಗಿದೆ.

ಜೂನಿನಲ್ಲಿ ಮಗಳ ಕೈ ಹಿಡಿದು ಬಂದರು. “ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸುವ ಯೋಚನೆ ಇರಲಿಲ್ಲ. ಈಗ ಪೇಪರಿನಲ್ಲಿ ಹೆಸರು ಬಂದ ಮನೆ ಅಲ್ಲವಾ? ಓದುವವರು ಒಬ್ಬರಾದರೂ ಬೇಕು.” ಅವರ ತಲೆಯ ಮೇಲೆ ಹೊಸ ಕೊಡೆ ಇತ್ತು. ಊರಿಗೆಲ್ಲ ಕೊಡೆ ಹೊಲಿದರೂ ತಾವು ಗೋಣಿಚೀಲ ಮುಚ್ಚಿಕೊಂಡು ತಿರುಗುತ್ತಿದ್ದವರು, ಉಳಿದ ಕಡ್ಡಿಗಳನ್ನು ಜೋಡಿಸಿ ತಮಗೇ ಒಂದು ಮಾಡಿಕೊಂಡಿದ್ದರು. ಅದರ ಅಂಚಿನಲ್ಲಿ ಬಿಳಿ ನೂಲಿನಿಂದ, ಒಂದು ಕೊಂಬೂ ತಪ್ಪದೆ, ನನ್ನ ಹೆಸರು.

ಆಗಲಾದರೂ ಹೇಳಬಹುದಿತ್ತು. ನಾನು ಹಾಜರಿ ಪುಸ್ತಕ ತೆರೆದು ಮಗುವಿನ ಹೆಸರು ಬರೆದುಕೊಂಡೆ. ಓದಲು ಬರುವವರು ಆ ಕೊಡೆ ನೋಡಿ, ಮಾಸ್ಟ್ರದ್ದು ರಿಪೇರಿಗೆ ಬಂದಿರಬೇಕು ಎಂದುಕೊಂಡು ಸುಮ್ಮನಾದರು. ಹೀಗೆ ಒಂದು ಮಳೆಗಾಲ ಕಳೆಯಿತು.

ಮಗು ಚುರುಕು. ಎರಡನೆಯ ತರಗತಿಗೆ ಬರುವಷ್ಟರಲ್ಲಿ ಒತ್ತಕ್ಷರವನ್ನೂ ಓದುತ್ತಿದ್ದಳು. ನಾನೇ ಕಲಿಸಿದ್ದು. ಒಂದು ಬೆಳಿಗ್ಗೆ ಜೋರು ಮಳೆ. ಕಾಕ ಅವಳನ್ನು ಶಾಲೆಯ ಜಗಲಿಗೆ ಹತ್ತಿಸಿ, ಕೊಡೆ ಬಿಡಿಸಿಕೊಂಡೇ ಕೆಳಗೆ ನಿಂತಿದ್ದರು. ಜಗಲಿಯ ಮೇಲೆ ನಿಂತ ಮಗುವಿನ ಕಣ್ಣಿಗೆ ಕೊಡೆಯ ಅಂಚು ಸರಿಯಾಗಿ ಎದುರಾಯಿತು. ಅವಳು ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. ಓದಿ ಮುಗಿಸಿ ಖುಷಿಯಿಂದ ಕೂಗಿದಳು:

“ಮಾಸ್ಟ್ರೇ, ನಿಮ್ಮ ಹೆಸರು!”

ಮಕ್ಕಳೆಲ್ಲ ಓಡಿಬಂದು ಓದಿ, ಹೌದು ಹೌದು ಎಂದು ಗದ್ದಲ ಮಾಡಿದರು. ಕಾಕ ನನ್ನನ್ನು ನೋಡಿದರು. ನಿಜ ಹೇಳಲು ಸಾಕಾಗುವಷ್ಟು ಹೊತ್ತು ನೋಡಿದರು. ನಾನು ಮಕ್ಕಳ ಕಡೆ ತಿರುಗಿ, “ಹೌದು. ಅದು ನಾನು ಅವರಿಗೆ ಕೊಟ್ಟ ಕೊಡೆ” ಎಂದೆ.

ಅವರು ಕೈಯಾರೆ ಮಾಡಿಕೊಂಡ ಕೊಡೆ ಅದು. ಅವರ ಸ್ವಂತ ಮಗಳ ಎದುರಿಗೆ ನಾನು ಅದನ್ನು ದಾನದ ಕೊಡೆ ಮಾಡಿದೆ. ಅವರು ಮಗಳ ಕಡೆ ತಿರುಗಿ, “ಹೌದು ಮಗಾ. ಮಾಸ್ಟ್ರು ಕೊಟ್ಟದ್ದು” ಎಂದರು. ನನ್ನ ಶಿಷ್ಯರ ಎದುರಿಗೆ ನನ್ನ ಮಾನ ಉಳಿಸಿ ಮಳೆಯಲ್ಲಿ ಹೊರಟುಹೋದರು.

ನಾನು ಮೂರು ದಿನ ಬಿಟ್ಟು ಅವರ ಜಗಲಿಗೆ ಹೋದೆ. ಮೊದಲೇ ಹೋಗಲು ಧೈರ್ಯ ಬರಲಿಲ್ಲ. ಅವರು ಸೂಜಿಯ ಮೊನೆಯಿಂದ ಬಿಳಿ ಹೊಲಿಗೆ ಬಿಚ್ಚುತ್ತಿದ್ದರು. ತಪ್ಪಾಯಿತು ಎಂದೆ. ಪತ್ರಿಕೆಗೆ ಬರೆಯುತ್ತೇನೆ, ನಿಮ್ಮ ಹೆಸರು, ತಂದೆಯ ಹೆಸರು ಎರಡೂ ಬರುವ ಹಾಗೆ ಮಾಡುತ್ತೇನೆ ಎಂದೆ.

“ಬೇಡ ಮಾಸ್ಟ್ರೇ” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. “ನಮ್ಮ ಹೆಸರು ಇನ್ನು ನೀವು ಎಲ್ಲಿಯೂ ಬರೆಯುವುದು ಬೇಡ.” ಒಂದು ನೂಲೆಳೆ ಎಳೆದು ಬಿಸಾಡಿ, “ಮಗು ಒಳ್ಳೆ ಓದ್ತದೆ. ಚೆನ್ನಾಗಿ ಕಲಿಸಿದ್ದೀರಿ” ಎಂದರು. ಚುಚ್ಚಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನಿಜವಾಗಿಯೇ ಹಾಗೆ ಹೇಳಿದ್ದರು.

ಮಗಳನ್ನು ಶಾಲೆ ಬಿಡಿಸಲಿಲ್ಲ. ನನ್ನ ಕೊಡೆಗಳನ್ನೂ ಎಂದಿನಂತೆ ಹೊಲಿದುಕೊಟ್ಟರು. ಆಯಿತಾ ಎಂದು ಕೇಳಿದರೆ, “ನಾಳೆ ಆಗ್ತದೆ” ಎನ್ನುವರು. ನನ್ನೆದುರಿಗೆ ಮತ್ತೆ ಒಂದೇ ಒಂದು ವಾಕ್ಯವನ್ನೂ ಅವರು ಕಟ್ಟಲಿಲ್ಲ. ಕೆಲವು ವರ್ಷಗಳ ಮೇಲೆ ನನಗೆ ಬಂಟ್ವಾಳದ ಕಡೆಗೆ ವರ್ಗವಾಯಿತು. ಅವರು ತೀರಿಕೊಂಡ ಸುದ್ದಿಯನ್ನು ಅಲ್ಲಿ ಬಸ್ಸಿನ ಕಂಡಕ್ಟರ್ ಒಬ್ಬ ಹೇಳಿದ. ಅದೇ ಬಸ್ಸು ಹತ್ತಿ ಹೋಗಬಹುದಿತ್ತು. ನಾನು ಹೋಗಲಿಲ್ಲ.

ಓದಿದವರು ಅವರ ಹೆಸರೇನು ಎಂದು ಕೇಳಬಹುದು. ಅವರು ಎರಡೆರಡು ಸಲ ಹೇಳಿ ಬರೆಸಿದ್ದು, ತಂದೆಯದ್ದೂ ಸೇರಿ, ನನಗೆ ಪೂರ್ತಿ ನೆನಪಿದೆ. ಬರೆಯಬೇಡಿ ಎಂದಿದ್ದಾರೆ, ಬರೆದಿಲ್ಲ. ಈ ಸಲವೂ ಕೆಳಗೆ ನನ್ನ ಹೆಸರೇ ಅಚ್ಚಾಗುತ್ತದೆ.