ಕಣಗಲಾ ಅವ್ವನ ಕೊಂಬೆ

ಗೋಕಾಕದ ಸಣ್ಣ ಗ್ರಂಥಾಲಯದಲ್ಲಿ ನಾನು ಮಾಡುವ ಕೆಲಸ ಏನೆಂದು ಓಣಿಯವರಿಗೆ ತಿಳಿಸಿ ಹೇಳುವುದೇ ಒಂದು ಕೆಲಸ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಾಡು, ಅಡುಗೆ, ಬೆಳೆ, ಹಳೆಯ ಫೋಟೊ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಮರದ ಹಾಗೆ ಜೋಡಿಸಬೇಕು. ಆಹಾರ ಎಂಬ ಕೊಂಬೆಗೆ ಸಿಹಿ ಎಂಬ ರೆಂಬೆ, ಆ ರೆಂಬೆಗೆ ಕರದಂಟು ಎಂಬ ಎಲೆ. ಸ್ಥಳಕ್ಕೆ ಬೇರೆಯದೇ ಮರ, ಅಲ್ಲಿ ಜಿಲ್ಲೆಯ ಕೆಳಗೆ ತಾಲೂಕು, ತಾಲೂಕಿನ ಕೆಳಗೆ ಊರು. ಒಂದೇ ಮರದಲ್ಲಿ ಯಾವ ಎಲೆಯೂ ಎರಡು ರೆಂಬೆಗೆ ಅಂಟಿಕೊಳ್ಳುವಂತಿಲ್ಲ. ಒಂದು ಪದಕ್ಕೆ ಒಬ್ಬನೇ ತಂದೆ ಎಂದು ಬೆಳಗಾವಿಯ ಸಾಹೇಬರು ತರಬೇತಿಯಲ್ಲಿ ಹೇಳಿದ್ದರು. ತಾಯಿಯ ಮಾತನ್ನು ಅಲ್ಲಿ ಯಾರೂ ಎತ್ತಲಿಲ್ಲ.

ನನಗೆ ಈ ಕೆಲಸದಲ್ಲಿ ದೇವರಾದಷ್ಟು ಖುಷಿ. ಮೂಡಲಗಿ ಬೇರೆ ತಾಲೂಕಾದ ಮೇಲೂ ಹಳೆಯ ಪಟ್ಟಿಯಲ್ಲಿ ಮಸಗುಪ್ಪಿ ಗೋಕಾಕದ ಕೆಳಗೇ ಕುಳಿತಿತ್ತು. ಅದನ್ನು ಎಳೆದು ಮೂಡಲಗಿಗೆ ಸೇರಿಸಿದೆ. ಇಡೀ ಊರು ಮನೆ ಬದಲಿಸಿತು, ಯಾರೂ ಒಂದು ಕೊಡ ಎತ್ತಲಿಲ್ಲ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು ರಸ್ತೆ ತುಂಬ ತೆವಳುವ ಟ್ರ್ಯಾಕ್ಟರನ್ನು ನೈಸರ್ಗಿಕ ವಿಕೋಪದ ಕೆಳಗೆ ಹಾಕಿದೆ. ಸಾಹೇಬರು ಫೋನ್ ಮಾಡಿ, ಇದೇನು ಚೇಷ್ಟೆ, ಕೃಷಿಗೆ ಸೇರಿಸಿ ಎಂದರು. ಸೇರಿಸಿದೆ. ಹಾಡು, ಫೋಟೊ ಹುಡುಕಿಕೊಂಡು ಊರೂರು ತಿರುಗುವಾಗ ಅದರ ಹಿಂದೆ ಸ್ಕೂಟಿ ನಿಲ್ಲಿಸಿಕೊಂಡು ಧೂಳು ಕುಡಿಯುವವಳು ನಾನೋ ಅವರೋ ಎಂದು ಕೇಳಬೇಕೆನಿಸಿತ್ತು, ಕೇಳಲಿಲ್ಲ.

ತೊಂದರೆ ಶುರುವಾದದ್ದು ನಮ್ಮ ಮನೆಯಲ್ಲೇ. ನಮ್ಮ ಅತ್ತೆ ತೊಟ್ಟಿಲ ಪದ ಹಾಡಿದರೆ ಅಳುವ ಕೂಸು ಸುಮ್ಮನಾಗುತ್ತದೆ, ಸುಮ್ಮನಿದ್ದ ಹೆಂಗಸರು ಅಳುತ್ತಾರೆ. ಓಣಿಯಲ್ಲಿ ಯಾರ ಮನೆಯ ಕೂಸಿಗೆ ಹೆಸರಿಡುವುದಿದ್ದರೂ ಮೊದಲು ಇವರಿಗೆ ಕರೆ ಬರುತ್ತದೆ. ಅಂಥ ಒಂದು ದಿನ ಮೊಬೈಲಿನಲ್ಲಿ ಆ ಹಾಡನ್ನು ಹಿಡಿದುಕೊಂಡು ಬಂದೆ. ವಿಷಯದ ಕೊಂಬೆ ಸುಲಭವಾಗಿ ಸಿಕ್ಕಿತು. ಸ್ಥಳದ ಕೊಂಬೆಗೂ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಹುಕ್ಕೇರಿಯ ಕೆಳಗೆ ಕಣಗಲಾ, ಅಲ್ಲಿಗೆ ಅತ್ತೆಯ ಹಾಡು.

ನಮ್ಮ ಕಡೆ ಮದುವೆಯಾಗಿ ಬಂದ ಹೆಣ್ಣನ್ನು ತವರೂರಿನಿಂದಲೇ ಕರೆಯುತ್ತಾರೆ. ಅತ್ತೆ ಹುಟ್ಟಿದ್ದು ಕಣಗಲಾದಲ್ಲಿ, ಹಾಗಾಗಿ ಓಣಿಗೆಲ್ಲ ಅವರು ಕಣಗಲಾ ಅವ್ವ. ನಾನು ದಡ್ಡಿಯಿಂದ ಬಂದವಳು, ಹಾಗಾಗಿ ದಡ್ಡಿಯಾಕಿ. ಮೊಮ್ಮಕ್ಕಳು ಬಂದು ಹಲ್ಲು ಉದುರಿದರೂ ಈ ಹೆಸರು ಉದುರುವುದಿಲ್ಲ. ಅದರ ಮೇಲೆ ನಮ್ಮ ಅತ್ತೆಗೆ ತವರಿನ ಮೇಲೆ ವಿಪರೀತ ಅಭಿಮಾನ. ನನ್ನ ಮಜ್ಜಿಗೆ ಹುಳಿಯಾದರೆ ಕಣಗಲಾದ ಮಜ್ಜಿಗೆ ಸಿಹಿ. ನನ್ನ ರೊಟ್ಟಿ ದಪ್ಪವಾದರೆ ಅಲ್ಲಿಯ ರೊಟ್ಟಿಯಲ್ಲಿ ಮುಖ ಕಾಣುತ್ತದೆ. ಇದನ್ನೆಲ್ಲ ಕೇಳಿ ಕೇಳಿ ಹಲ್ಲು ಕಚ್ಚಿಕೊಂಡವಳು ನಾನು. ಹಾಡು ಕಣಗಲಾಕ್ಕೆ ಹೋಗಿದೆ ಎಂದರೆ ಹಿಗ್ಗುತ್ತಾರೆ, ಒಂದು ವಾರ ಮಜ್ಜಿಗೆಯ ಮಾತು ಬರುವುದಿಲ್ಲ ಎಂದು ಲೆಕ್ಕ ಹಾಕಿ ಊಟದ ಹೊತ್ತಿಗೆ ಸುದ್ದಿ ಹೇಳಿದೆ.

ಅತ್ತೆ ಹಿಗ್ಗಲಿಲ್ಲ. ಕೈಯಲ್ಲಿದ್ದ ರೊಟ್ಟಿಯ ತುಣುಕನ್ನು ತಾಟಿನಲ್ಲಿ ಇಟ್ಟರು.

"ಗೋಕಾಕದಾಗ ಇಡಬೇಕಿತ್ತು," ಎಂದರು. "ಇಲ್ಲಿ ನಾ ಕಣಗಲಾದಾಕಿ. ಅಲ್ಲಿ ಹ್ವಾದ್ರ ಗೋಕಾಕದ ಪಾವಣೇರು ಬಂದ್ರು ಅಂತ ಚಾಪಿ ಹಾಸ್ತಾರ, ಒಲಿ ಮುಂದ ಕುಂಡ್ರಾಕ ಬಿಡೂದಿಲ್ಲ. ನಾ ಹುಟ್ಟಿದ ಮನ್ಯಾಗ ನನಗ ಚಾಪಿ."

ನನಗೆ ನಿಜಕ್ಕೂ ಕೆಡುಕೆನಿಸಿತು. ಇಷ್ಟು ವರ್ಷ ಆ ಮಜ್ಜಿಗೆಯನ್ನು ನನ್ನನ್ನು ಚುಚ್ಚುವುದಕ್ಕೇ ತರುತ್ತಾರೆ ಎಂದುಕೊಂಡಿದ್ದೆ. ಅವರಿಗೆ ಅತಿಥಿಯೆಂದು ಚಾಪೆ ಹಾಸದ ಮನೆಯೊಂದು ಬೇಕಾಗಿತ್ತು, ಅಷ್ಟೇ. ಹಾವೂ ಸಾಯದೆ ಕೋಲೂ ಮುರಿಯದೆ ಕೆಲಸವಾಗಲಿ ಎಂದು ಒಂದು ಉಪಾಯ ಹೇಳಿದೆ. ಹಾಡನ್ನು ಎರಡು ಸಲ ಸೇರಿಸುತ್ತೇನೆ, ಒಂದು ಇಲ್ಲಿ, ಒಂದು ಅಲ್ಲಿ, ಸಾಹೇಬರಿಗೆ ಗೊತ್ತೇ ಆಗುವುದಿಲ್ಲ ಎಂದೆ.

"ಎರಡೂ ಕಡೆ ಅಂದ್ರ ಎರಡೂ ಕಡೆ ಪಾವಣೇರ," ಎಂದರು ಅತ್ತೆ. "ಒಂದ ಕಡೆ ಇಡು."

ಮರುದಿನವೇ ಗೋಕಾಕದ ಕೆಳಗೆ ತಂದಿಟ್ಟೆ. ಸಂಜೆಯೊಳಗೆ ಬೆಳಗಾವಿಯಿಂದ ಅದು ಮತ್ತೆ ಕಣಗಲಾಕ್ಕೆ ಹೋಗಿತ್ತು. ಹಾಡಿದವರು ಹುಟ್ಟಿದ ಊರೇ ಹಾಡಿನ ಊರು, ಅದು ನಿಯಮವಂತೆ. ನಾನು ತಂದೆ, ಅವರು ಒಯ್ದರು. ಹೀಗೆ ಅತ್ತೆ ಕೆಲವು ದಿನ ಹೆದ್ದಾರಿಯ ಬಸ್ಸಿನ ಹಾಗೆ ಹೋಗಿ ಬರುತ್ತಲೇ ಇದ್ದರು. ನಾನು ಮನೆಗೆ ಬಂದ ಕೂಡಲೇ ಅವರದು ಒಂದೇ ಪ್ರಶ್ನೆ: ಇವತ್ತು ಎಲ್ಲಿದ್ದೇನೆ?

ಕೊನೆಗೆ ಸಾಹೇಬರೇ ತಪಾಸಣೆಗೆ ಬಂದರು. ಗ್ರಂಥಾಲಯದ ಹಿಂದಿನ ಓಣಿಯಲ್ಲೇ ನಮ್ಮ ಮನೆ. ಮಧ್ಯಾಹ್ನದ ಊಟಕ್ಕೆ ಕರೆದುಕೊಂಡು ಬಾ ಎಂದು ಅತ್ತೆಯ ಅಪ್ಪಣೆಯಾಯಿತು. ಬಿಸಿ ರೊಟ್ಟಿ, ಬದನೆಕಾಯಿಯ ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಹಾಡಿನ ಸುದ್ದಿಯನ್ನೇ ಎತ್ತದೆ ಅತ್ತೆ ಬಡಿಸಿದರು. ಸಾಹೇಬರು ಬೇಡ ಬೇಡ ಎನ್ನುತ್ತಲೇ ತಾಟು ಮುಂದೆ ಹಿಡಿದರು. ಎಲ್ಲೆಲ್ಲೋ ಉಂಡಿದ್ದೇನೆ, ಗೋಕಾಕದ ಎಣ್ಣೆಗಾಯಿಯ ರುಚಿ ಎಲ್ಲಿಯೂ ಇಲ್ಲ ಎಂದು ಮನಸಾರೆ ಹೊಗಳಿದರು.

ಅತ್ತೆ ಇನ್ನೊಂದು ಬದನೆಕಾಯಿ ಹಾಕಿ, ಮೆಲ್ಲಗೆ ಕೇಳಿದರು: "ಎಣ್ಣಿಗಾಯಿ ಮಾಡಿದ ಕೈ ಗೋಕಾಕದ್ದ ಆದ್ರ, ಹಾಡಿದ ಬಾಯಿ ಕಣಗಲಾದ್ದ ಹೆಂಗ ಆತ್ರಿ ಸಾಹೇಬ್ರ?"

ಸಾಹೇಬರು ನನ್ನ ಮುಖ ನೋಡಿದರು. ನಾನು ನೀರಿನ ತಂಬಿಗೆ ನೋಡಿದೆ. ಬಾಯಲ್ಲಿದ್ದ ತುತ್ತನ್ನು ಅವರು ಬಹಳ ಹೊತ್ತು ಅಗಿದರು, ನಿಯಮವನ್ನೂ ಜೊತೆಗೇ ಅಗಿಯುತ್ತಿದ್ದರೆಂದು ಕಾಣುತ್ತದೆ. ನುಂಗಿದ ಮೇಲೆ, ಹಾಡಿದ ಜಾಗವನ್ನೇ ಹಿಡಿಯೋಣ ಬಿಡಿ ಎಂದರು. ಸಂಜೆ ನಾನು ಹಾಡನ್ನು ಗೋಕಾಕಕ್ಕೆ ತಂದೆ. ಆಮೇಲೆ ಅದು ಕದಲಲಿಲ್ಲ.

ಅತ್ತೆಯ ಗತ್ತು ಏನು ಕೇಳುತ್ತೀರಿ. ಕಾಯಿಪಲ್ಯ ಮಾರುವವಳ ಹತ್ತಿರವೂ ನಮ್ಮ ಗೋಕಾಕದಾಗ ಹಿಂಗ, ನಮ್ಮ ಗೋಕಾಕದಾಗ ಹಂಗ ಎಂದು ಶುರುವಾಯಿತು. ಓಣಿ ಅವರನ್ನು ಈಗಲೂ ಕಣಗಲಾ ಅವ್ವ ಎಂದೇ ಕರೆಯುತ್ತದೆ, ಅವರು ಓ ಎನ್ನುತ್ತಾರೆ. ಇದನ್ನೆಲ್ಲ ನೋಡಿ ನನಗೂ ಆಸೆಯಾಯಿತು, ಸುಳ್ಳೇಕೆ ಹೇಳಲಿ. ಒಂದು ವಾರ ಕಳೆದ ಮೇಲೆ, ಅವರ ತಲೆಗೆ ಎಣ್ಣೆ ಹಚ್ಚುತ್ತ, ಚೇಷ್ಟೆ ಎನ್ನುವ ಹಾಗೆ ಕೇಳಿದೆ: "ಅತ್ತಿ, ದಡ್ಡಿಯಿಂದ ನನ್ನೂ ಗೋಕಾಕಕ್ಕ ತರ್ಲೇನ್ರಿ?"

ಅತ್ತೆ ತಿರುಗಿ ನೋಡಲಿಲ್ಲ.

"ನಿನಗೇನ ಅವಸರ ಐತಿ?" ಎಂದರು. "ನಾನ ಈ ಊರಿಗೆ ಬಂದು ಇನ್ನೂ ಒಂದ ವಾರ ಆಗೇತಿ."